ಶಹಾದ ಹೇಳಿ ಮೂರು ತಿಂಗಳಾದ ಮೇಲೆ

ನನ್ನೂರು ಪುತ್ತೂರು ಹತ್ರ, ಇರೋದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಹೊಸದಾಗಿ ಮುಸ್ಲಿಮರಾದವರ ಜೊತೆ ಕೂತು ಮಾತಾಡೋ ಕೆಲಸ ನಮ್ಮ ಮಸೀದಿಯಲ್ಲಿ ಸುಮಾರು ವರ್ಷದಿಂದ ಮಾಡ್ತಿದ್ದೀನಿ. ಯಾರನ್ನೂ ಕರ್ಕೊಂಡು ಬರೋದಲ್ಲ, ಬಂದವರು ಒಂಟಿಯಾಗದ ಹಾಗೆ ನೋಡ್ಕೊಳ್ಳೋದು ಅಷ್ಟೆ.

ಶುರುವಲ್ಲೇ ಎಡವಿದ್ದೆ. 22ರ ಇಂಗ್ಲಿಷ್ ಹುಡುಗ, ಜುಮಾ (ಶುಕ್ರವಾರದ ನಮಾಝ್) ಆದ್ಮೇಲೆ ಶಹಾದ, ಅಂದ್ರೆ ಇಸ್ಲಾಮ್ ಒಪ್ಪಿಕೊಳ್ಳೋ ಸಾಕ್ಷ್ಯವಚನ, ಹೇಳಿದ, ಇಡೀ ಮಸೀದಿ ಸಾಲುಗಟ್ಟಿ ಅಪ್ಪಿಕೊಂಡ್ತು, ನಾನು ಒಂದು ಚೀಲ ಪುಸ್ತಕ ಕೊಟ್ಟು ಹೆಸರು ಬದಲಾಯಿಸು, ಹಳೇ ಫ್ರೆಂಡ್ಸ್ ಬಿಡು ಅಂತ ದೊಡ್ಡ ಪಟ್ಟಿ ಒಪ್ಪಿಸಿದೆ. ಅದು 2016, ರಂಝಾನ್ ಜೂನಲ್ಲಿ, ಇಲ್ಲಿ ಆಗ ಉಪವಾಸ 18 ಗಂಟೆ ದಾಟುತ್ತೆ. ಪಾಪ ಅವನು ತಿಂಗಳಿಡೀ ಬಾಡಿಗೆ ರೂಮಲ್ಲಿ ಒಬ್ಬನೇ ಕೂತು ಮೈಕ್ರೋವೇವ್ ಪಾಸ್ತಾ ತಿಂದು ಆಯಾ ದಿನದ ಉಪವಾಸ ಮುಗಿಸಿದ್ದಾನೆ. ಅಪ್ಪಿಕೊಂಡವರಲ್ಲಿ ಒಬ್ಬರೂ ಮನೆಗೆ ಕರೀಲಿಲ್ಲ, ನಾನೂ ಕರೀಲಿಲ್ಲ. ಈದ್ ಆದ್ಮೇಲೆ ಬರೋದೇ ನಿಲ್ಲಿಸಿದ.

ಈಗ ನನ್ನ ಕಣ್ಣು ಮೂರನೇ ತಿಂಗಳ ಮೇಲೆ. ಮೊದಮೊದಲು ಉಮೇದು ಜಾಸ್ತಿ, ವುಝೂ (ನಮಾಝ್‌ಗೆ ಮುಂಚೆ ಕೈಕಾಲು ಮುಖ ತೊಳೆಯೋದು), ನಮಾಝ್, ಅರಬಿ ಎಲ್ಲಾ ಒಂದೇ ವಾರದಲ್ಲಿ ಕಲೀಬೇಕು, ಮನೇಲಿರೋ ಹಾಡಿನ ಸಿಡಿಯೆಲ್ಲ ಬಿಸಾಡ್ಬೇಕು, ಆ ಕಾವು ಇಳಿದಾಗ ಸುತ್ತ ಯಾರೂ ಇರಲ್ಲ. ಹಳಬರು ದೂರ ಆಗಿರ್ತಾರೆ, ನಮ್ಮವರು "ನೀನ್ಯಾಕೆ ಮುಸ್ಲಿಮ್ ಆದೆ" ಅನ್ನೋ ಕಥೆ ಕೇಳೋಕಷ್ಟೇ ಹತ್ರ ಬರ್ತಾರೆ. ಹೇಳಿ ಹೇಳಿ ಆ ಕಥೆ ಬಾಯಿಪಾಠ ಆಗಿರುತ್ತೆ, ಒಳಗಿನ ಗೊಂದಲ ಒಳಗೇ ಉಳಿಯುತ್ತೆ. ಬಿಟ್ಟು ಬಂದಿದ್ದು ನೆನೆದು ಅಳು ಬಂದ್ರೆ ಈಮಾನ್ (ವಿಶ್ವಾಸ) ಕಮ್ಮಿ ಆಯ್ತಾ ಅಂತ ಹೆದರ್ತಾರೆ. ಅಯ್ಯೋ ಮಾರಾಯ, ಬಾಡಿಗೆ ಮನೆ ಬಿಟ್ರೂ ಹಳೇ ಅಡುಗೆಮನೆ ನೆನಪಾಗಲ್ವಾ!

ಅಮ್ಮಂದಿರ ವಿಷಯಾನೇ ಜಾಸ್ತಿ ಬರೋದು. ಡಿಸೆಂಬರ್ ಬಂತಂದ್ರೆ ಕ್ರಿಸ್ಮಸ್ ಊಟಕ್ಕೆ ಹೋಗ್ಬಹುದಾ ಅಂತ ಫೋನು. ಫತ್ವಾ ಹೇಳೋಕೆ ನಾನು ಆಲಿಮ್ (ಧರ್ಮ ಪಂಡಿತ) ಅಲ್ಲ, ಇಮಾಮರನ್ನ ಕೇಳು ಅಂತೀನಿ, ಆದ್ರೆ ಅಸ್ಮಾ ಅವರ ಹದೀಸ್ (ಪ್ರವಾದಿಯವರ ನಡೆನುಡಿಯ ವರದಿ) ಮಾತ್ರ ಹೇಳ್ದೇ ಬಿಡಲ್ಲ: ಪ್ರವಾದಿಯವರ ಸಂಗಾತಿ ಅಬೂಬಕರ್ ಅವರ ಮಗಳು ಅವರು, ಇನ್ನೂ ಇಸ್ಲಾಮಿಗೆ ಬರದಿದ್ದ ತಾಯಿ ಮನೆಗೆ ಬಂದಾಗ ಸಂಬಂಧ ಇಟ್ಕೊಳ್ಲಾ ಅಂತ ಪ್ರವಾದಿಯವರನ್ನ ಕೇಳಿದ್ರು, ಇಟ್ಕೋ ಅಂದ್ರು. ಹೆಸರಿನ ಸುದ್ದಿ ನಾನಾಗಿ ಎತ್ತೋದೇ ಇಲ್ಲ, ಅರ್ಥ ಕೆಟ್ಟದಿಲ್ಲದಿದ್ರೆ ಬದಲಾಯಿಸೋ ಕಡ್ಡಾಯ ಇಲ್ಲ. ಪುಸ್ತಕದ ಬದಲು ಈಗ ಕೊಡೋದು ನಮ್ಮನೆ ಅಡ್ರೆಸ್ಸು, ಇಫ್ತಾರ್‌ಗೆ ಕೋರಿ ರೊಟ್ಟಿ, ಖಾರ ಸ್ವಲ್ಪ ಕಮ್ಮಿ.

ಆ ಹುಡುಗ ಏಳು ತಿಂಗಳು ಬಿಟ್ಟು ತಾನಾಗೇ ಬಂದ. ಹೆಸರು ಹಳೇದೇ. ಪುಸ್ತಕದ ಚೀಲಾನೂ ತಂದಿದ್ದ, ಗಂಟು ಬಿಚ್ಚೇ ಇರಲಿಲ್ಲ.