ಸ್ಪೀಕಿಂಗ್‌ನಲ್ಲಿ ಏಳು ಬಂತು, ಆದರೆ ಯಾವ ಏಳು?

ಮಂಗಳೂರಿನಲ್ಲಿ ವಿದೇಶಕ್ಕೆ ಹೊರಟ ನರ್ಸ್‌ಗಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಅವರು ಕೊಡುವುದು ಐಇಎಲ್‌ಟಿಎಸ್, ಓಇಟಿಯಂಥ ಇಂಗ್ಲಿಷ್ ಪರೀಕ್ಷೆ; ಅದರಲ್ಲಿ ಮಾತಾಡುವ ಭಾಗವೇ ಸ್ಪೀಕಿಂಗ್. "ಮೇಡಂ, ಸ್ಪೀಕಿಂಗ್‌ನಲ್ಲಿ ಏಳು ಬಂತು, ಸಾಕಲ್ವಾ?" ಅಂತ ಯಾರಾದರೂ ಕೇಳಿದರೆ ನನ್ನದು ಎರಡು ಮರುಪ್ರಶ್ನೆ: ಯಾವ ಪರೀಕ್ಷೆ? ಹೋಗುವುದು ಯಾವ ದೇಶಕ್ಕೆ?

ಕೆನಡಾವನ್ನೇ ತಗೊಳ್ಳಿ. ಅಲ್ಲಿನ ವಲಸೆ ಇಲಾಖೆ ಎಲ್ಲ ಪರೀಕ್ಷೆಗಳ ಅಂಕವನ್ನೂ ಸಿಎಲ್‌ಬಿ (ಕೆನಡಿಯನ್ ಲ್ಯಾಂಗ್ವೇಜ್ ಬೆಂಚ್‌ಮಾರ್ಕ್ಸ್) ಎಂಬ ಒಂದೇ ಅಳತೆಗೆ ತಂದು ನೋಡುತ್ತದೆ. ಐಇಎಲ್‌ಟಿಎಸ್ ಸ್ಪೀಕಿಂಗ್‌ನಲ್ಲಿ 7 ಅಂದರೆ ಸಿಎಲ್‌ಬಿ 9. ಕೆನಡಾದ್ದೇ ಆದ ಸೆಲ್‌ಪಿಪ್ ಪರೀಕ್ಷೆಯ ಸ್ಪೀಕಿಂಗ್‌ನಲ್ಲಿ 7 ಅಂದರೆ ಸಿಎಲ್‌ಬಿ 7 ಮಾತ್ರ, ಐಇಎಲ್‌ಟಿಎಸ್‌ನ 6ಕ್ಕೆ ಸಮ. ಅಂಕೆ ಒಂದೇ, ಬೆಲೆ ಬೇರೆ. ಇಲಾಖೆಯ ಹೋಲಿಕೆ ಕೋಷ್ಟಕದಲ್ಲಿ ಸ್ಪೀಕಿಂಗ್‌ನ ಸಾಲನ್ನೇ ನೋಡಿ. ಲಿಸನಿಂಗ್‌ನಲ್ಲಿ ಅದೇ ಸಿಎಲ್‌ಬಿ 9 ಸಿಗಬೇಕಾದರೆ ಐಇಎಲ್‌ಟಿಎಸ್ 8 ಬೇಕು.

ಶೇಕಡಾ ಲೆಕ್ಕ ಹಾಕಲು ಹೋಗಲೇಬೇಡಿ. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್‌ಗೆ ಸ್ಪೀಕಿಂಗ್‌ನಲ್ಲಿ ಐಇಎಲ್‌ಟಿಎಸ್ 7 ಆದರೂ ಸರಿ, ಆರೋಗ್ಯ ಸಿಬ್ಬಂದಿಗೆಂದೇ ಇರುವ ಓಇಟಿಯ ಬಿ ಗ್ರೇಡ್, ಅಂದರೆ 500ಕ್ಕೆ 350 ಆದರೂ ಸರಿ. 9ಕ್ಕೆ 7 ಅಂದರೆ ಶೇ. 78ರ ಹತ್ತಿರ, 500ಕ್ಕೆ 350 ಅಂದರೆ ಶೇ. 70. ಹಾಗಂತ ಓಇಟಿ ಸುಲಭ ಅಂದುಕೊಂಡರೆ ಕೆಟ್ಟಿರಿ. ಪಿಟಿಇ ಅಕಾಡೆಮಿಕ್ ಅನ್ನುವ ಇನ್ನೊಂದು ಪರೀಕ್ಷೆಯಲ್ಲಂತೂ ಅಂಕ ಶುರುವಾಗುವುದೇ 10ರಿಂದ, ಮುಗಿಯುವುದು 90ಕ್ಕೆ. ಅಲ್ಲಿ ಶೇಕಡಾ ಎಲ್ಲಿಂದ ತೆಗೆಯುತ್ತೀರಿ?

ಅಂಕದ ಜೊತೆ ಆಡಿಸುವ ಮಾತೂ ಬೇರೆ. ಐಇಎಲ್‌ಟಿಎಸ್‌ನಲ್ಲಿ ಒಂದು ಕಾರ್ಡ್ ಕೊಟ್ಟು, ಯೋಚಿಸಲು ಒಂದು ನಿಮಿಷ ಬಿಟ್ಟು, ಎರಡು ನಿಮಿಷದವರೆಗೆ ಒಬ್ಬರೇ ಮಾತಾಡಿ ಅನ್ನುತ್ತಾರೆ. ಓಇಟಿಯಲ್ಲಿ ಮೂರು ನಿಮಿಷ ಕಾರ್ಡ್ ಓದಿ, ಎದುರಿಗೆ ಕೂತವರನ್ನು ರೋಗಿ ಅಥವಾ ಅವರ ಮನೆಯವರು ಅಂದುಕೊಂಡು ಐದು ನಿಮಿಷ ಮಾತಾಡಬೇಕು. ವಾರ್ಡ್‌ನಲ್ಲಿ ಪಳಗಿದ ಹುಡುಗಿಯರು ಇಲ್ಲಿ ಸಲೀಸು. ಐಇಎಲ್‌ಟಿಎಸ್‌ನಲ್ಲಿ "ನಿಮಗೆ ಇಷ್ಟವಾದ ಪ್ರವಾಸದ ಬಗ್ಗೆ ಹೇಳಿ" ಅಂದರೆ ಅವರೇ ತಡವರಿಸುತ್ತಾರೆ. ಆದರೆ ಓಇಟಿಯಲ್ಲಿ ಇಂಗ್ಲಿಷ್ ಒಂದಕ್ಕೇ ಅಂಕವಿಲ್ಲ. ರೋಗಿಯ ಮಾತು ಕೇಳಿಸಿಕೊಂಡಿರಾ, ಆತಂಕ ಅರ್ಥ ಮಾಡಿಕೊಂಡಿರಾ ಅನ್ನುವುದಕ್ಕೂ ಇದೆ. ಹಾಗಾಗಿ ಒಂದರಲ್ಲಿ ಬಂದ ಅಂಕ ನೋಡಿ ಇನ್ನೊಂದರಲ್ಲಿ ಇಷ್ಟೇ ಬರುತ್ತದೆ ಅಂತ ನಾನು ಯಾರಿಗೂ ಭರವಸೆ ಕೊಡುವುದಿಲ್ಲ. ಎರಡರದ್ದೂ ಮಾದರಿ ಪರೀಕ್ಷೆ ಮಾಡಿಸುತ್ತೇನೆ.

ವಾಟ್ಸಾಪ್‌ನಲ್ಲಿ ಸುತ್ತುವ ಹೋಲಿಕೆ ಪಟ್ಟಿಗಳನ್ನು ಸುಮ್ನೆ ನಂಬಬೇಡಿ. ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ ಸ್ಪೀಕಿಂಗ್‌ಗೆ ಮೊದಲು 30 ಅಂಕ ಇತ್ತು. 2026ರ ಜನವರಿಯಿಂದ 1ರಿಂದ 6ರ ಅಳತೆ ಬಂದಿದೆ. ಅರ್ಜಿ ಹಾಕುವ ಸಂಸ್ಥೆಯ ವೆಬ್‌ಸೈಟಿನಲ್ಲೇ ಪಟ್ಟಿ ತೆಗೆಯಿರಿ. ನಿಮ್ಮ ಅಂಕಪಟ್ಟಿಯ ತಾರೀಖನ್ನೂ ನೋಡಿಕೊಳ್ಳಿ, ಎರಡು ವರ್ಷ ದಾಟಿದ್ದರೆ ಕೆನಡಾ ವಲಸೆಗೆ ನಡೆಯುವುದಿಲ್ಲ.