ಹಳೆ ಧಾರವಾಡ ಜಿಲ್ಲೆಯ ಪಕ್ಕ ಒಂದು ದೇಶ ಇಟ್ಟು ನೋಡುವುದು ಹೇಗೆ?

ಧಾರವಾಡ, ಗದಗ, ಹಾವೇರಿ 1997ರವರೆಗೆ ಒಂದೇ ಜಿಲ್ಲೆ. ಮೂರರ ವಿಸ್ತೀರ್ಣ 4,260, 4,656, 4,823. ಕೂಡಿಸಿದರೆ 13,739 ಚದರ ಕಿ.ಮೀ. ಯುರೋಪಿನ ಮಾಂಟೆನೆಗ್ರೊ ದೇಶದ್ದು 13,812. ಶಾಲೆಯ ವಸ್ತುಪ್ರದರ್ಶನಕ್ಕೆ ದೇಶಗಳ ಹೋಲಿಕೆ ಮಾಡಹೊರಟವರು ಚೀನಾ, ಅಮೆರಿಕ ಬಿಟ್ಟು ಈ ಜೋಡಿಯಿಂದ ಶುರು ಮಾಡಲಿ. ಒಂದು ಬದಿ ನಾವು ಓಡಾಡಿದ ನೆಲವಾದರೆ ಲೆಕ್ಕ ತಪ್ಪಿದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಅಂಕಿ ಕಲೆಹಾಕುವುದು

ಮೊದಲು ವರ್ಷ ಹೊಂದಿಸಿ. ಎರಡೂ ಕಡೆ 2011ರಲ್ಲಿ ಜನಗಣತಿ ನಡೆದಿದೆ. ಧಾರವಾಡ 18,47,023, ಗದಗ 10,64,570, ಹಾವೇರಿ 15,97,668, ಒಟ್ಟು 45,09,261. ಮಾಂಟೆನೆಗ್ರೊ 6,20,029. ಒಂದು ಕಡೆ 2011, ಇನ್ನೊಂದು ಕಡೆ ಈಚಿನ ಅಂದಾಜು ಹಾಕಿದರೆ ಹೋಲಿಕೆ ಅಲ್ಲಿಗೇ ಕೆಟ್ಟಿತು. ತೀರಾ ಹಿಂದಿನ ವರ್ಷವೂ ಆಗದು: 1991ರ ಗಣತಿಯಲ್ಲಿ ಗದಗ ಜಿಲ್ಲೆ ಇಲ್ಲ, 2006ರ ಹಿಂದಿನ ಅಟ್ಲಾಸಿನಲ್ಲಿ ಮಾಂಟೆನೆಗ್ರೊ ಸ್ವತಂತ್ರ ದೇಶವಾಗಿ ಇಲ್ಲ.

ಯುರೋಪಿನ ಹಲವು ದೇಶಗಳಲ್ಲಿ ಸಾವಿರಕ್ಕೆ ಅಲ್ಪವಿರಾಮದ ಬದಲು ಚುಕ್ಕೆ ಇಡುವ ರೂಢಿ. 620.029 ಎಂದಿದ್ದುದನ್ನು ಹಾಗೇ ಎಕ್ಸೆಲ್‌ಗೆ ಅಂಟಿಸಿದರೆ ಅದು ದಶಮಾಂಶ ಎಂದು ತಿಳಿದು ಇಡೀ ದೇಶಕ್ಕೆ 620 ಜನರನ್ನಷ್ಟೇ ಉಳಿಸುತ್ತದೆ. ಹತ್ತು ಲಕ್ಷ ಒಂದು ಮಿಲಿಯನ್, ನೂರು ಕೋಟಿ ಒಂದು ಬಿಲಿಯನ್. ಇದನ್ನು ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳಿ.

ಜಗತ್ತಿನ ಎಲ್ಲ ದೇಶ ಬೇಕಾದರೆ ವಿಶ್ವಬ್ಯಾಂಕಿನ ಜಾಲತಾಣದಿಂದ ಪಟ್ಟಿ ಇಳಿಸಿಕೊಳ್ಳಬಹುದು. ಅದರಲ್ಲಿ ದೇಶಗಳ ನಡುವೆಯೇ ‘ದಕ್ಷಿಣ ಏಷ್ಯಾ’, ‘ಅರಬ್ ಜಗತ್ತು’, ‘ವಿಶ್ವ’ ಎಂಬ ಮೊತ್ತದ ಸಾಲುಗಳೂ ಸೇರಿರುತ್ತವೆ. ಅವನ್ನು ತೆಗೆಯದೆ ಕೂಡಿಸಿದರೆ ಒಬ್ಬನೇ ಮನುಷ್ಯ ಹಲವು ಸಲ ಎಣಿಕೆಯಾಗುತ್ತಾನೆ. ದೇಶಗಳನ್ನು ಹೆಸರಿಗಿಂತ ಮೂರಕ್ಷರದ ಕೋಡ್ ನೋಡಿ ಜೋಡಿಸುವುದು ಕ್ಷೇಮ. ನೈಜರ್ ಬೇರೆ, ನೈಜೀರಿಯಾ ಬೇರೆ, ಕಾಂಗೋ ಎಂಬ ಹೆಸರಿನವೇ ಎರಡಿವೆ.

ಭಾಗಾಕಾರ

ಜನಸಂಖ್ಯೆಯನ್ನು ವಿಸ್ತೀರ್ಣದಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ: ನಮ್ಮಲ್ಲಿ ಚದರ ಕಿ.ಮೀ.ಗೆ 328 ಜನ, ಮಾಂಟೆನೆಗ್ರೊದಲ್ಲಿ 45. ವಿಶ್ವಬ್ಯಾಂಕ್ ಕೆರೆ, ನದಿಯ ನೀರು ಬಿಟ್ಟು ಬರೀ ನೆಲದಿಂದ ಭಾಗಿಸುವುದರಿಂದ ಅಲ್ಲಿನ ಅಂಕಿ ತುಸು ಹೆಚ್ಚಾಗಿ ಕಂಡೀತು; ಅದು ತಪ್ಪಲ್ಲ. ಸರಾಸರಿ ಒಳಗಿನ ಏರುಪೇರನ್ನು ಮುಚ್ಚಿಡುತ್ತದೆ ಎಂಬುದೂ ಇಲ್ಲೇ ಗೊತ್ತಾಗುತ್ತದೆ: ಇದೇ 328ರೊಳಗೆ ಧಾರವಾಡದ 434 ಇದೆ, ಗದಗಿನ 229 ಕೂಡ ಇದೆ.

ನಕ್ಷೆ

ಎ-3 ಹಾಳೆಯ ಜಗತ್ತಿನ ನಕ್ಷೆಯಲ್ಲಿ ನಮ್ಮ ಹಳೆ ಜಿಲ್ಲೆ ಒಂದು ಮಿ.ಮೀ.ಗಿಂತ ಸ್ವಲ್ಪ ದೊಡ್ಡ ಚುಕ್ಕೆ, ಅಷ್ಟೆ. ಹಾಗಾಗಿ ಈ ಜೋಡಿಯನ್ನು ಬೇರೆಯಾಗಿ, ಗ್ರಾಫ್ ಹಾಳೆಯ ಮೇಲೆ ಒಂದು ಸೆಂ.ಮೀ.ಗೆ 10 ಕಿ.ಮೀ. ಅಳತೆಯಲ್ಲಿ ಬಿಡಿಸಿ. ಒಂದು ಚದರ ಸೆಂ.ಮೀ. ಚೌಕ ಅಂದರೆ 100 ಚದರ ಕಿ.ಮೀ. ಗಡಿಯೊಳಗಿನ ಚೌಕ ಎಣಿಸಿ; ಎರಡರಲ್ಲೂ 137, 138ರ ಆಸುಪಾಸು ಬರಬೇಕು.

ಮಾಂಟೆನೆಗ್ರೊ 235ರ ಹತ್ತಿರ ಹೋಯಿತೇ? ಮೊಬೈಲ್ ನಕ್ಷೆಯಲ್ಲಿ ಎರಡನ್ನೂ ಒಂದೇ ಜೂಮ್‌ನಲ್ಲಿಟ್ಟು ನಕಲು ತೆಗೆದಿದ್ದೀರಿ. ಅಂಥ ನಕ್ಷೆಗಳಲ್ಲಿ ಹೆಚ್ಚಿನವು 1569ರ ಮರ್ಕೇಟರ್ ಪ್ರಕ್ಷೇಪದವು (ಪ್ರಕ್ಷೇಪ ಅಂದರೆ ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಪದ್ಧತಿ). ಸಮಭಾಜಕದಿಂದ ದೂರ ಹೋದಷ್ಟೂ ನೆಲ ಹಿಗ್ಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಹಿಗ್ಗು ನಾಲ್ಕು ಪಟ್ಟು. ಸುಮಾರು 15 ಡಿಗ್ರಿಯಲ್ಲಿರುವ ನಮಗಿಂತ 42 ಡಿಗ್ರಿ ದಾಟಿದ ಮಾಂಟೆನೆಗ್ರೊ 1.7 ಪಟ್ಟು ದೊಡ್ಡದಾಗಿ ಕಾಣುವುದು ಇದರಿಂದಲೇ. ಪ್ರತಿ ನಕ್ಷೆಯನ್ನೂ ಅದರದೇ ಅಳತೆಪಟ್ಟಿಗೆ ಹೊಂದಿಸಿಕೊಳ್ಳಿ. ಜಗತ್ತಿನ ನಕ್ಷೆಗೆ ಬಣ್ಣ ತುಂಬುವವರು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶದಲ್ಲಿ ವಿಸ್ತೀರ್ಣ ಉಳಿಸುವ ‘ಈಕ್ವಲ್ ಅರ್ಥ್’ ಪ್ರಕ್ಷೇಪ ಆರಿಸಲಿ.

ಬಣ್ಣವೋ, ವೃತ್ತವೋ

ಸಾಂದ್ರತೆಯಂಥ ದರಕ್ಕೆ ಬಣ್ಣ, ಒಟ್ಟು ಸಂಖ್ಯೆಗೆ ವೃತ್ತ. ಒಟ್ಟು ಜನಸಂಖ್ಯೆಗೆ ಬಣ್ಣ ತುಂಬಿದರೆ ದೊಡ್ಡ ದೇಶಗಳು ಸುಮ್ಮಸುಮ್ಮನೆ ಎದ್ದು ಕಾಣುತ್ತವೆ.

ವೃತ್ತದಲ್ಲಿ ಬಹಳ ಜನ ಎಡವುತ್ತಾರೆ. ನಮ್ಮ ಜನಸಂಖ್ಯೆ ಮಾಂಟೆನೆಗ್ರೊದ 7.27 ಪಟ್ಟು. ಅದಕ್ಕೆ ಒಂದು ಸೆಂ.ಮೀ. ತ್ರಿಜ್ಯ, ನಮಗೆ 7.27 ಸೆಂ.ಮೀ. ಎಂದು ಕೈವಾರ ಇಟ್ಟರೆ ನಮ್ಮ ವೃತ್ತ 53 ಪಟ್ಟು ದೊಡ್ಡದಾಗುತ್ತದೆ. ಕಣ್ಣು ನೋಡುವುದು ತ್ರಿಜ್ಯವನ್ನಲ್ಲ, ಹರವನ್ನು. ವರ್ಗಮೂಲ ತೆಗೆಯಿರಿ: 2.7 ಸೆಂ.ಮೀ. ಸಾಕು.

ಬಣ್ಣಕ್ಕೆ ಐದಾರು ಮಜಲು ಸಾಕು, ಆದರೆ ಸಮ ಅಂತರದ ಮಜಲು ಬೇಡ. ಮೊನಾಕೊದ ಸಾಂದ್ರತೆ 19,000ದ ಸುತ್ತಮುತ್ತ. ಅದನ್ನು ಐದು ಪಾಲು ಮಾಡಿದರೆ ಮಂಗೋಲಿಯಾ, ಭಾರತ, ಬಾಂಗ್ಲಾದೇಶ ಮೂರಕ್ಕೂ ಒಂದೇ ಬಣ್ಣ. 10, 30, 100, 300, 1,000 ಎಂದು ಕತ್ತರಿಸಿ. ಮಾಂಟೆನೆಗ್ರೊ 30–100ರಲ್ಲಿ ಕೂರುತ್ತದೆ, ನಾವು 300–1,000ದಲ್ಲಿ. ಒಂದೇ ಬಣ್ಣದ ತಿಳಿಯಿಂದ ಗಾಢದತ್ತ ಹೋಗಿ. ಕೆಂಪು, ಹಸಿರು ಬೆರೆಸಿದರೆ ಬಣ್ಣಗುರುಡು ಇದ್ದವರಿಗೆ ಬೇರೆಬೇರೆ ಕಾಣುವುದಿಲ್ಲ. ಮಾಹಿತಿ ಸಿಗದ ದೇಶಕ್ಕೆ ಬೂದು ಬಣ್ಣ ಬಳಿಯಿರಿ, ಸೊನ್ನೆ ಬರೆಯಬೇಡಿ.

ಅಚ್ಚಿಗೆ ಕೊಡುವ ಮೊದಲು ಕಾಶ್ಮೀರದ ಭಾಗ ನೋಡಿಕೊಳ್ಳಿ. ಜಾಲತಾಣದ ಉಚಿತ ನಕ್ಷೆಗಳಲ್ಲಿ ಭಾರತದ ಗಡಿ ಹಲವೊಮ್ಮೆ ಬೇರೆಯಾಗಿರುತ್ತದೆ. ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಗಡಿ ಪ್ರಕಟಿಸುವುದು ಕಾನೂನಿನಲ್ಲಿ ಅಪರಾಧ. ಗಡಿರೇಖೆಯನ್ನು ಆ ಇಲಾಖೆಯ ನಕ್ಷೆಯಿಂದಲೇ ತೆಗೆದುಕೊಂಡು, ಕೆಳಗೆ ಗಣತಿಯ ವರ್ಷ, ಅಂಕಿಯ ಮೂಲ, ಪ್ರಕ್ಷೇಪದ ಹೆಸರು ನಮೂದಿಸಿ.