ಯಾವ ಗುಂಪಿಗೂ ಸೇರದ ಚೀಟಿ

ಸಂದರ್ಶನ ಮಾಡುವುದು ನನಗೆ ಎಂದೂ ಕಷ್ಟವೆನಿಸಿಲ್ಲ. ಜನ ಮಾತನಾಡುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ತಲೆ ಕೆಡುವುದು ಅದಾದ ಮೇಲೆ, ಗೋಡೆ ತುಂಬ ಅಂಟಿಸಿದ ಚೀಟಿಗಳ ಮುಂದೆ ನಿಂತಾಗ.

ಆಸ್ಪತ್ರೆಯೊಂದಕ್ಕೆ ಹೊಸ ಸೇವೆ ರೂಪಿಸುತ್ತಿದ್ದೆವು. ಡಿಸ್ಚಾರ್ಜ್ ಆದ ರೋಗಿಗಳು ಔಷಧಿ ಸರಿಯಾಗಿ ತೆಗೆದುಕೊಳ್ಳುವುದಿಲ್ಲ, ನೆನಪಿಸುವ ಆ್ಯಪ್ ಬೇಕು ಎಂಬುದು ಆಸ್ಪತ್ರೆಯವರ ಬೇಡಿಕೆ. ರೋಗಿಗಳು, ಮನೆಯವರು, ನರ್ಸ್‌ಗಳು ಸೇರಿ 14 ಜನರನ್ನು ಮಾತನಾಡಿಸಿದೆವು. ಒಂದು ಚೀಟಿಗೆ ಒಂದೇ ಮಾತು, ಅದೂ ಅವರದೇ ಬಾಯಿಮಾತಿನಲ್ಲಿ.

ಮೊದಲ ದಿನದ ಗುಂಪುಗಳು ಔಷಧಿ, ಮಾಹಿತಿ, ಕುಟುಂಬ, ಖರ್ಚು. ನೋಡಲು ಬಹಳ ಅಚ್ಚುಕಟ್ಟು. ಸಂಜೆ ಪ್ರಶ್ನೆಪಟ್ಟಿ ತೆಗೆದು ನೋಡಿದರೆ ಅದರಲ್ಲಿದ್ದ ಶೀರ್ಷಿಕೆಗಳೂ ಇವೇ! ನಮ್ಮ ಪ್ರಶ್ನೆಗಳನ್ನೇ ಗೋಡೆಗೆ ಅಂಟಿಸಿ ಸಂಶೋಧನೆ ಎಂದು ಬೀಗುತ್ತಿದ್ದೆವು.

ಚೀಟಿಗಳನ್ನು ಹೀಗೆ ಜೋಡಿಸುವ ಪದ್ಧತಿಗೆ ಮೂಲ ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿತಾ ಅವರ ಕೆಜೆ ವಿಧಾನ. ಅಲ್ಲಿ ಗುಂಪನ್ನು ಮೊದಲೇ ಗೊತ್ತುಮಾಡಿಕೊಳ್ಳುವಂತಿಲ್ಲ. ಎಲ್ಲಿಯೂ ಹೊಂದದ ಚೀಟಿಯನ್ನು ಒಂಟಿಯಾಗಿಯೇ ಬಿಡಬೇಕು. ನಾವೋ, ಅಂಥವನ್ನೆಲ್ಲ ‘ಇತರೆ’ ಎಂದು ಮೂಲೆಗೆ ತಳ್ಳಿದ್ದೆವು.

ಮರುದಿನ ಎಲ್ಲವನ್ನೂ ಕಿತ್ತೆವು. ಗುಂಪಿನ ಹೆಸರು ಕ್ರಿಯಾಪದವಿರುವ ಪೂರ್ಣ ವಾಕ್ಯವೇ ಆಗಿರಬೇಕು ಎಂದು ಹಟ ಹಿಡಿದೆ. ‘ಕುಟುಂಬ’ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ, ಅದೇ ಅದರ ದೋಷ. ವಾಕ್ಯವಾದರೆ ಜಗಳವಾಡಬಹುದು. ಆಗ ಮೂಲೆಯಿಂದ ನರ್ಸ್ ಒಬ್ಬರ ಚೀಟಿ ಹೊರಬಂತು: ‘ನಾನು ಔಷಧಿ ವಿವರಿಸುವಾಗ ಅವರ ಕಣ್ಣು ಬಾಗಿಲ ಮೇಲಿರುತ್ತದೆ.’ ಅದರ ಪಕ್ಕ ವೃದ್ಧರೊಬ್ಬರದು: ‘ಆ ಕಾಗದ ಬೀರುವಿನಲ್ಲಿದೆ, ಓದಿಲ್ಲ.’ ಇನ್ನೊಂದು, ಒಬ್ಬ ಮಗಳದು: ‘ಅಪ್ಪನಿಗೆ ಎಲ್ಲ ಹೇಳಿದ್ದಾರಂತೆ, ನನಗೆ ಯಾರೂ ಹೇಳಲಿಲ್ಲ.’ ಮೂರೂ ಹಿಂದಿನ ದಿನ ಬೇರೆಬೇರೆ ಕಡೆ ಇದ್ದವು. ಈಗ ಅವುಗಳ ಮೇಲೆ ಬರೆದೆವು: ‘ಹೇಳುವವರಿದ್ದಾಗ ಕೇಳುವ ಮನಸ್ಸಿಲ್ಲ, ಕೇಳುವ ಮನಸ್ಸಿದ್ದಾಗ ಹೇಳುವವರಿಲ್ಲ.’

ಇಂಥ ವಾಕ್ಯ ಸಿಕ್ಕ ಕೂಡಲೇ ಅದರ ಮೇಲೆ ಮೋಹ ಹುಟ್ಟುತ್ತದೆ. ಹಾಗಾಗಿ ಅದನ್ನು ಸುಳ್ಳಾಗಿಸುವ ಮಾತುಗಳನ್ನೇ ಹುಡುಕುತ್ತ ಧ್ವನಿಮುದ್ರಣಗಳನ್ನು ಮತ್ತೆ ಕೇಳಿದೆ. ಮೂವರು ಎಲ್ಲವೂ ಅರ್ಥವಾಗಿತ್ತು ಎಂದಿದ್ದರು. ಅವರಲ್ಲಿ ಇಬ್ಬರು ಆಸ್ಪತ್ರೆಗೆ ಹಲವು ಸಲ ಸೇರಿದ್ದವರು. ನಮ್ಮ ಮಾತು ಮೊದಲ ಸಲ ಬಂದವರಿಗೆ ಮಾತ್ರ ಎಂದು ಕಿರಿದುಗೊಳಿಸಿದೆವು.

ಆಮೇಲೆ ಸರ್ವಿಸ್ ಬ್ಲೂಪ್ರಿಂಟ್, ಅಂದರೆ ಸೇವೆಯ ಹಂತಗಳನ್ನು ತೋರಿಸುವ ನಕ್ಷೆ, ಬರೆದೆವು. ರೋಗಿ ಮಾಡುವುದು ಮೇಲಿನ ಸಾಲಿನಲ್ಲಿ, ಸಿಬ್ಬಂದಿ ಮಾಡುವುದು ಕೆಳಗೆ. ಡಿಸ್ಚಾರ್ಜ್ ಆದ ಮೇಲೆ ಕೆಳಗಿನ ಸಾಲು ಖಾಲಿ.

ನಮ್ಮ ಸಲಹೆ, ಮೂರನೆಯ ದಿನ ನರ್ಸ್‌ನಿಂದ ಒಂದು ಫೋನ್ ಕರೆ, ಅದೂ ಔಷಧಿ ನೋಡಿಕೊಳ್ಳುವ ಮನೆಯವರಿಗೆ. ಸಭೆಯಲ್ಲಿ ‘ಇಷ್ಟೇನಾ?’ ಎಂಬ ಮುಖಗಳು. ಆ ಮೂರು ಚೀಟಿಗಳನ್ನು ಮೇಜಿನ ಮೇಲಿಟ್ಟು ಸುಮ್ಮನಾದೆ. ಆಡಳಿತಾಧಿಕಾರಿ ನರ್ಸ್‌ನ ಚೀಟಿಯನ್ನು ಎರಡು ಸಲ ಓದಿ ಕೇಳಿದರು: ‘ಕರೆ ಮಾಡಲು ಅವರಿಗೆ ಸಮಯ ಎಲ್ಲಿಂದ ತರೋಣ?’